ಬಳಸುದಾರಿ

ಸೇತುವೆಯ ಕಾಲು ಕುಸಿದ ಮರುದಿನ
ಲೀಟ್ರಿಮ್ ಕೌಂಟಿ ರಸ್ತೆ ಇಲಾಖೆಯ ಮ್ಯಾಲಕಿ ಬಂದು
ಅಟ್ರ್ಯಾಕ್ಟಾಳ ಗೇಟಿನೆದುರು ಕಿತ್ತಳೆ ಬಣ್ಣದ ಹಲಗೆ ನೆಟ್ಟ:
ಡೈವರ್ಷನ್. ಕೆಳಗೆ, ಎಡಕ್ಕೆ ಬಾಗಿದ ಕರಿ ಬಾಣ.

ನಡುವೆ ಹುಲ್ಲು ಬೆಳೆದ ಓಣಿ ಅದು.
ಅಂಚೆಯವನ ಬಿಟ್ಟರೆ ಬರುತ್ತಿದ್ದುದು
ಪಕ್ಕದ ಹೊಲದ ಕತ್ತೆ, ಅದೂ ಬೇಲಿ ನುಸುಳಿ.
ಈಗ ಬ್ರೆಡ್ಡಿನ ವ್ಯಾನು, ಹಾಲಿನ ಟ್ಯಾಂಕರು,
ಶಾಲೆ ಬಸ್ಸು, ಕುರಿ ತುಂಬಿದ ಟ್ರೇಲರು,
ರಿಬ್ಬನ್ ಕಟ್ಟಿದ ಮದುವೆ ಕಾರು ಕೂಡ.
ಮದುಮಗಳು ಕಿಟಕಿ ಇಳಿಸಿ ಕೇಳಿದಳು:
"ಚರ್ಚು ಇತ್ತ ಕಡೆಯಾ?
ಇಲ್ಲಾ, ಯೋಚಿಸೋಕೆ ಇನ್ನೂ ಟೈಮಿದೆಯಾ?"

ಅಟ್ರ್ಯಾಕ್ಟಾ ಕುರ್ಚಿ ಹೊರಗೆ ತಂದಳು.
ಮೂರನೆಯ ದಿನ ಟೀಯನ್ನೂ.
"ಹೇಗಿದೆ ಕಾಟ?" ಅಂದ ಮ್ಯಾಲಕಿ.
"ಡೈವರ್ಷನ್ ಅಂತ ನೀನೇ ಹಾಕಿದ್ದೀಯಲ್ಲ.
ನಮ್ಮಜ್ಜಿ ಬಾಯಲ್ಲಿ ಅದಕ್ಕೆ ಅರ್ಥ ಬೇರೆ:
ಸಂತೆಯ ಕೋಡಂಗಿ, ಇಸ್ಪೀಟು,
ಪಾದ್ರಿಗೆ ಗೊತ್ತಾಗದ ಹಾಗೆ ಕುಣಿದ ಕುಣಿತ.
ಮನಸ್ಸನ್ನ ಅದರ ಪಾಡಿಂದ ಪಕ್ಕಕ್ಕೆಳೆಯುವ ಏನಾದರೂ ಸರಿ."
"ಆಫೀಸಲ್ಲಿ ಇರೋದು ಒಂದೇ ಅರ್ಥ,"
ಮ್ಯಾಲಕಿ ಬಿಸ್ಕತ್ತು ಅದ್ದಿದ.

(ಇಲ್ಲಿ ಕನ್ನಡ ನಡುವೆ ಬಾಯಿ ಹಾಕುತ್ತದೆ:
ನನ್ನಲ್ಲಿ ಬಳಸುವುದೆಂದರೆ ಸುತ್ತಿ ಹೋಗುವುದು,
ದಿನದ ಕೆಲಸಕ್ಕೆ ತೆಗೆದುಕೊಳ್ಳುವುದು ಕೂಡ,
ತೋಳು ಸೊಂಟವನ್ನು ಬಳಸುವುದೂ ಅದೇ.
ಯಾವ ಮಾತು ನೆಟ್ಟಗೆ ನಡೆದು ಅರ್ಥ ಮುಟ್ಟಿದೆ, ಹೇಳಿ.)

ಆರನೆಯ ವಾರ, ಗುರುವಾರ, ಹೆಣದ ಕಾರು ಬಂತು.
ಎದುರಿಂದ ಟ್ಯಾಂಕರು. ಓಣಿ ಒಂದೇ ಗಾಡಿಯಗಲ.
ಗಾಜಿನ ಒಳಗೆ ಫೆಸ್ಟಸ್ ಟೈರ್ನಿಯ ಪೆಟ್ಟಿಗೆ.
ಒಂದು ಹುಲ್ಲಿನ ಬಣವೆಯ ಜಗಳಕ್ಕೆ
ಇಪ್ಪತ್ತೆಂಟು ವರ್ಷ, ಅಂಗಡಿಯಲ್ಲಿ, ಚರ್ಚಿನ ಮೆಟ್ಟಿಲಲ್ಲಿ,
ಅವನು ಕಂಡಾಗಲೆಲ್ಲ ಮುಖ ಆಚೆ ತಿರುಗಿಸಿದವಳು;
ಮಣ್ಣಿಗೂ ಹೋಗುವುದಿಲ್ಲವೆಂದು
ಬೆಳಿಗ್ಗೆಯಷ್ಟೇ ಬೆಕ್ಕಿಗೆ ಹೇಳಿದವಳು.

ಗೇಟಿನಿಂದ ಪೆಟ್ಟಿಗೆಗೆ ಎರಡು ಮೊಳ.
ಟ್ಯಾಂಕರು ಹಿಂದೆ ಸರಿಯಲು ನಾಲ್ಕು ನಿಮಿಷ.
ಎದ್ದು ನಿಂತಳು. ಲೋಟ ಎಲ್ಲಿಡಬೇಕೋ ತಿಳಿಯದೆ
ಕೈಯಲ್ಲೇ ಹಿಡಿದಳು. ನೋಡಿದಳು.
"ನಿನ್ನನ್ನೂ ಸುತ್ತು ಹಾಕಿಸಿಬಿಟ್ಟರಲ್ಲೋ," ಅಂದಳು.
ಆಮೇಲೆ, ಡ್ರೈವರಿಗೆ ಕೇಳದಷ್ಟು ಮೆಲ್ಲಗೆ,
"ಬಣವೆ ನಿಂದೇ ಇದ್ದಿರಬಹುದು."

ಸೇತುವೆ ಎದ್ದಿತು. ಓಣಿಗೆ ಕತ್ತೆ ಮರಳಿತು.
ಮ್ಯಾಲಕಿ ಹಲಗೆ ಕೀಳಲು ಬಂದಾಗ
ಗೇಟಿನೆದುರು ಬರೀ ಕುಣಿ.
ಹಲಗೆ ಹಿತ್ತಲಲ್ಲಿ, ಸೋರುತ್ತಿದ್ದ ಕೋಳಿಗೂಡಿನ ಸೂರಾಗಿತ್ತು;
ಬಾಣದ ತುದಿಗೆ ಬೆನ್ನು ಹಾಕಿ ಹುಂಜ ಕೂತಿತ್ತು.
ತುಸು ಹೊತ್ತು ನಿಂತ. ಟೀ ಕುಡಿದ.
ರಿಜಿಸ್ಟರು ತೆಗೆದು ಬರೆದ:
ಹಲಗೆ ಒಂದು. ಬಳಕೆಯಲ್ಲಿದೆ.