ಚಾಪೆ ಸುತ್ತುವ ತನಕ

ಕೇದಗೆ ಗರಿ ಸೀಳಿ, ಮುಳ್ಳು ಹೆರೆದು, ಮೂರು ಬಿಸಿಲು ಒಣಗಿಸಿ
ಹೆಣೆದವಳು ನಾನೇ, ಈ ಚಾಪೆ.
ನಮ್ಮ ತಿಮೋರಿನ ಗುಡ್ಡಗಳಲ್ಲಿ
ಜಗಳ ಬಗೆಹರಿಯಲು ಮೊದಲು ಬೇಕಾದ್ದು ಚಾಪೆ;
ಪಾದ್ರಿ, ಪೊಲೀಸು, ಕಾಗದ ಎಲ್ಲ ಆಮೇಲೆ.
ಹಾಸಿದ ಮೇಲೆ, ಮಾತು ಮುಗಿಯುವ ತನಕ ಸುತ್ತುವಂತಿಲ್ಲ,
ಕತ್ತಲಾದರೂ, ಹಸಿದರೂ, ಮಗು ಅತ್ತರೂ.

ಆಯೋಗದವರು ದಿಲಿಯಿಂದ ಜೀಪಿನಲ್ಲಿ ಬಂದರು.
ಟೇಪ್ ರೆಕಾರ್ಡರಿಗೆ ಒಂದು ಕುರ್ಚಿ,
ನಮಗೆ ನೆಲ.
ಮಾತಿನೊಡೆಯ ಅಬ್ರಾವ್ ಅಜ್ಜ ಎಲೆಗೆ ಸುಣ್ಣ ಹಚ್ಚಿ
ಸತ್ತವರ ಹೆಸರು ಕರೆದ, ಒಬ್ಬೊಬ್ಬರದಾಗಿ,
ಹಾಜರಿ ಹಾಕುವ ಮೇಷ್ಟ್ರ ಹಾಗೆ.
ಯಾರೂ ಓಗೊಡಲಿಲ್ಲ.
ಗಾಳಿಗೆ ಕಾಫಿ ಗಿಡ ಅಲ್ಲಾಡಿತು, ಅದು ಲೆಕ್ಕಕ್ಕಿಲ್ಲ.

ಎದುರಿಗೆ ಅಗಾಪಿಟೊ.
ನಾಲ್ಕು ವರ್ಷ ಗಡಿಯಾಚೆಯ ಶಿಬಿರದಲ್ಲಿದ್ದು ಬಂದವನು.
ಇಸ್ತ್ರಿ ಮಾಡಿದ ಅಂಗಿ, ಯಾರದೋ ಇರಬೇಕು, ಭುಜ ಜೋಲು.
"ಮೂರು ಮನೆ ಸುಟ್ಟೆ," ಅಂದ.
"ಒಂದು ಕೋಣ. ಜೋಳದ ಅಟ್ಟ.
ಹೆದರಿಸಿದ್ದರು. ಕುಡಿಸಿಯೂ ಇದ್ದರು."
ಸಂತೆಗೆ ಹೋದವನು ಚಿಲ್ಲರೆ ಒಪ್ಪಿಸಿದ ಹಾಗೆ.
ಬರೆದುಕೊಳ್ಳುವ ಹುಡುಗಿ ತಲೆಯೆತ್ತಿದಳು: ಕೋಣ ಒಂದೋ ಎರಡೋ?

ಮಾತಿಗೂ ಗೊತ್ತು ಚಾಪೆಯ ಕೆಳಗೆ ತೂರುವ ವಿದ್ಯೆ.
ನಾನು ಅಂಚನ್ನು ಮಂಡಿಯಿಂದ ಒತ್ತಿ ಕೂತೆ.

ಒಲಾಂಡಿನಾ, ನಿನ್ನದೇನಾದರೂ ಪ್ರಶ್ನೆ?

ಐದು ವರ್ಷ ಬಾಯಲ್ಲಿ ಇಟ್ಟುಕೊಂಡದ್ದು ಬೇರೆಯೇ ಇತ್ತು,
ಹೊರಗೆ ಬಂದದ್ದು ಇದು:
"ನಾಯಿಯ ಗಂಟು ಬಿಚ್ಚಿದವರು ಯಾರು?"

ಹಿಂದೆ ಯಾರೋ ನಕ್ಕರು. ಹುಡುಗಿಯ ಪೆನ್ನು ನಿಂತಿತು,
ಅವಳ ಕಾಗದದಲ್ಲಿ ನಾಯಿಗೆ ಜಾಗವಿಲ್ಲ.
ಕಾಡಿಗೆ ಓಡುವ ಗಡಿಬಿಡಿಯಲ್ಲಿ ಹಿತ್ತಲ ಕಂಬಕ್ಕೆ
ಕಟ್ಟಿದ್ದನ್ನು ಕಟ್ಟಿದ ಹಾಗೆಯೇ ಬಿಟ್ಟಿದ್ದೆವು. ನಾನೇ ಹಾಕಿದ ಗಂಟು.
ಮೂರನೇ ರಾತ್ರಿ ನಮ್ಮನ್ನು ಹುಡುಕಿ ಬಂತು,
ಬಾಲ ಸುಟ್ಟಿತ್ತು, ಹಿಂದೆ ಉದ್ದಕ್ಕೆ ಹಗ್ಗ ಎಳೆಯುತ್ತಿತ್ತು.
ಹಗ್ಗದ ತುದಿ ಕಡಿದಿರಲಿಲ್ಲ, ಸುಟ್ಟಿರಲಿಲ್ಲ.

"ನಾನು," ಅಂದ ಅಗಾಪಿಟೊ.
"ಬಿಗಿಯಾಗಿತ್ತು. ಹಲ್ಲಿನಿಂದ ಬಿಚ್ಚಿದೆ."

ಹಲ್ಲಿನಿಂದ.
ಅಂದರೆ ನಿನಗೆ ಹೊತ್ತಿತ್ತು. ಒಂದು ಬೊಗಸೆ ಹೊತ್ತು.
ಮಂಡಿಯೂರುವಷ್ಟು, ಬಾಯಿ ಹಚ್ಚುವಷ್ಟು.
ಅದೇ ಹೊತ್ತಿಗೆ ರಸ್ತೆಯಲ್ಲಿ ಲಾರಿ ಹತ್ತಿಸುತ್ತಿದ್ದರು
ಉಪ್ಪಿನ ಗಡಿಗೆ ತರಲೆಂದು ಹಿಂದುಳಿದ ನನ್ನ ತಮ್ಮ ಜೆಫೆರಿನೊನನ್ನು.
ಅವನ ಕೈಗೂ ಹಗ್ಗವಿತ್ತು.

ಅದನ್ನೂ ಕೇಳಹೊರಟೆ. ಆಯೋಗದವರು ತಡೆದರು,
ಮೆಲ್ಲಗೆ, ಪಾಪ, ಒಳ್ಳೆಯವರು:
ಅಮ್ಮಾ, ಸುಟ್ಟದ್ದು ಕದ್ದದ್ದು ಹೊಡೆದದ್ದು ಈ ಚಾಪೆಯ ಮೇಲೆ.
ಕೊಲೆ ಇಲ್ಲಿಗೆ ಬರುವುದಿಲ್ಲ. ಅದಕ್ಕೆ ದಿಲಿಯಲ್ಲಿ ಬೇರೆ ಕೋರ್ಟಿದೆ.

ಅಳತೆ ಹಾಕಿ ಹೆಣೆದವಳು ನಾನು. ನಾಲ್ಕು ಮೊಳ.
ನಿಜ, ತಮ್ಮ ಮಲಗಿದರೆ
ಕಾಲು ಹೊರಗೆ ಉಳಿಯುತ್ತಿತ್ತು.

ತೀರ್ಮಾನ: ಒಂದು ಹಂದಿ, ಒಂದು ನೇಯ್ದ ಬಟ್ಟೆ,
ಆರು ಶನಿವಾರ ನನ್ನ ಮನೆಯ ಸೂರಿನ ಕೆಲಸ.
ಒಂದೇ ತಟ್ಟೆಯಿಂದ ಎಲೆ ತೆಗೆದು ಎಲ್ಲರೆದುರು ಅಗಿದೆವು.
ಅವನ ಬಾಯಿ ಕೆಂಪು, ನನ್ನ ಬಾಯಿ ಕೆಂಪು.
ಫೋಟೋ ಹಿಡಿದರು. ಜೀಪು ಇಳಿದು ಹೋಯಿತು.

"ಇನ್ನು ಸುತ್ತಮ್ಮ," ಅಂದ ಅಬ್ರಾವ್ ಅಜ್ಜ.
ಸುತ್ತಿದೆ, ಅರ್ಧ.
ಇನ್ನರ್ಧ ಅಂಗಳದಲ್ಲಿ ಹಾಗೇ ಬಿದ್ದಿದೆ,
ಕೋಳಿಗಳು ಓಡಾಡುತ್ತವೆ, ಮೋಡ ಕಂಡರೆ ಒಳಗೆ ಎಳೆದುಕೊಳ್ಳುತ್ತೇನೆ.

ಇವತ್ತು ನಾಲ್ಕನೇ ಶನಿವಾರ.
ಮಾಡಿನ ಮೇಲೆ ಅವನು, ಏಣಿಯ ಬಳಿ ನಾನು.
ಮೊಳೆಗೆಂದು ಕೈ ಚಾಚುತ್ತಾನೆ;
ಕೊಡುತ್ತೇನೆ, ಒಂದೊಂದೇ, ಎಣಿಸಿ.
ನಾಯಿಗೆ ವಯಸ್ಸಾಗಿದೆ, ನೆರಳಿನಲ್ಲಿ ಮಲಗಿರುತ್ತದೆ.
ಅವನು ಇಳಿದಾಗಲೆಲ್ಲ ಎದ್ದು ಹೋಗಿ
ಅವನ ಕೈ ಮೂಸುತ್ತದೆ.

ಅದಕ್ಕೆ ನಾನೇನೂ ಹೇಳಿಕೊಟ್ಟಿಲ್ಲ.