ಮುಟ್ಟಿದರೆ ಮುನಿ

ಹೆಸರು ಬೆವರ್ಲಿ. ಬೆವರ್ಲಿ ಹಲ್ಮ್.
ಆ ಹೆಸರಿನೊಳಗೆ ಬೆವರಿರುವುದು
ಈ ಊರಲ್ಲಿ ನನ್ನೊಬ್ಬಳ ಕಿವಿಗೆ ಕೇಳುತ್ತದೆ.
ಇನ್ನೂ ಹೇಳಿಲ್ಲ ಅವಳಿಗೆ.

ಸ್ಟೋಕ್‌ನ ಗ್ರಂಥಾಲಯ, ಗುರುವಾರ,
ಬಿಸಿ ಬಾರದ ಹೀಟರಿನ ಪಕ್ಕ ಒಂದು ಮೇಜು;
ಫಾರಂ ತುಂಬಲು ಬಂದವರ ಜೊತೆ ಕೂರುವುದು ನನ್ನ ಪಾಳಿ.
ಬಿಸ್ಕತ್ತಿನ ಡಬ್ಬಿ ತೆರೆದು
ನಾಲ್ಕು ಮಡಿಕೆಯ ಕಾಗದ ನನ್ನ ಕಡೆ ನೂಕಿದಳು,
ಎಡಗೈ ಬಾಯಿಗೆ ಅಡ್ಡ.

ಹನ್ನೊಂದು ವರ್ಷ ಪಿಂಗಾಣಿ ಕಾರ್ಖಾನೆಯಲ್ಲಿ
ಕಪ್‌ಗಳಿಗೆ ಕಿವಿ ಅಂಟಿಸಿದವಳು.
ಕದಡಿದ ಮಣ್ಣಿನ ಒಂದು ತೊಟ್ಟು, ಹೆಬ್ಬೆಟ್ಟಿನ ಒಂದು ಒತ್ತು,
ಮುಂದಿನದು, ಮುಂದಿನದು.
ಆಮೇಲೆ ಆವಿಗೆ ಆರಿತು, ಗೇಟಿಗೆ ಸರಪಳಿ ಬಿತ್ತು.
ಅಷ್ಟು ಸಾವಿರ ಕಿವಿಗಳಿಂದ ಸೋರಿ ಉಳಿದದ್ದು
ಯಾವುದೋ ಕಂಪನಿಯ ಕಡತದಲ್ಲೊಂದು ಪುಟ್ಟ ಪಿಂಚಣಿ:
ಏಳು ಸಾವಿರದ ಮುನ್ನೂರ ನಲವತ್ತು ಪೌಂಡು.
ಈಗ ಅವಳಿಗೆ ಐವತ್ತೇಳು. ಬೆನ್ನಿಗೆ ಎಪ್ಪತ್ತು.

ತಿಂಗಳಿಗೊಮ್ಮೆ ಸರ್ಕಾರ ಕೊಡುವುದರಲ್ಲಿ ಬಾಡಿಗೆ, ಬ್ರೆಡ್ಡು, ಮೀಟರು.
ಅದರ ಕಾನೂನು ಓದಿ ಹೇಳಿದೆ:
ಪಿಂಚಣಿ ಅಲ್ಲೇ ಮಲಗಿರುವಷ್ಟು ದಿನ ಯಾರೂ ಎಣಿಸುವುದಿಲ್ಲ,
ಅದು ಇಲ್ಲವೇ ಇಲ್ಲ.
ಎಬ್ಬಿಸಿ ಮನೆಗೆ ಕರೆತಂದರೆ
ನೀನು ಉಳ್ಳವಳು.

ನಮ್ಮ ಕಡೆ ಬೇಲಿಯ ಬುಡದಲ್ಲೊಂದು ಗಿಡ, ಅಂದೆ,
ಬೆರಳು ತಾಗಿದರೆ ಎಲೆ ಮಡಚಿಕೊಳ್ಳುತ್ತದೆ.
"ಮತ್ತೆ ಬಿಚ್ಚುತ್ತದಾ?"
ಸ್ವಲ್ಪ ಹೊತ್ತಿಗೆ.
"ಹಾಗಾದರೆ ನಿಮ್ಮ ಗಿಡವೇ ವಾಸಿ, ಡಕ್."
(ಈ ಊರಲ್ಲಿ ಎಲ್ಲರೂ ಎಲ್ಲರಿಗೂ ಬಾತುಕೋಳಿ.)

ತೆರಿಗೆ ಕಚ್ಚಿ ಉಳಿಯುವುದು
ಆರು ಸಾವಿರದ ಇನ್ನೂರ ಮೂವತ್ತೊಂಬತ್ತು.
ಆರು ಸಾವಿರದವರೆಗೆ ಬಡತನ ಕ್ಷೇಮ.
ಅಲ್ಲಿಂದಾಚೆ ಪ್ರತಿ ಇನ್ನೂರೈವತ್ತಕ್ಕೆ, ಅದರ ಚೂರಿಗೂ,
ತಿಂಗಳಿಗೆ ನಾಲ್ಕು ಪೌಂಡು ಮೂವತ್ತೈದು ಪೆನ್ಸ್ ಕಡಿತ,
ಆ ದುಡ್ಡು ಅಷ್ಟು ಈದಿರಬೇಕೆಂಬ ಊಹೆ.
ಗೊಡ್ಡೆಮ್ಮೆಯ ಹಾಲಿಗೆ ಅಳತೆ ಪಾತ್ರೆ.

ಮೇಲಿನ ಇನ್ನೂರ ಮೂವತ್ತೊಂಬತ್ತನ್ನು ಖರ್ಚು ಮಾಡಿಬಿಟ್ಟರೆ?
ಮಾಡಬಹುದು. ಆದರೆ ಯಾಕೆ ಅಂತ ಕೇಳಬಹುದು.
"ಯಾಕೆ ಅಂದರೆ?"
ಬಡವಳಾಗಲಿಕ್ಕೆಂದೇ ಮಾಡಿದೆಯಾ, ಅಂತ.

ಆಗ ನಕ್ಕಳು ನೋಡಿ. ಹೀಟರೂ ಒಮ್ಮೆ ಕೆಮ್ಮಿತು.
ಕೈ ಜಾರಿತು.
ಮೇಲಿನ ಮುಂದಿನ ಎರಡು ಹಲ್ಲು ಇರಲಿಲ್ಲ.
ನಾನು ಕಾಗದ ಓದುವವಳಂತೆ ತಲೆ ತಗ್ಗಿಸಿದೆ.

ಐದು ಗುರುವಾರ ಬರಲಿಲ್ಲ.

ಬಂದಾಗ ಅದೇ ಡಬ್ಬಿ, ಈ ಸಲ ರಸೀದಿಗಳು:
ಹಾಸಿಗೆ ಒಂದು, ಬೆನ್ನಿನ ಸಲುವಾಗಿ.
ಮೀಟರಿಗೆಂದು ಪಕ್ಕದ ಮನೆಯ ಶಮೀಮಾ ಕೊಟ್ಟಿದ್ದ ನಲವತ್ತು,
ಶಮೀಮಾಳೇ ಬರೆದು ಸಹಿ ಹಾಕಿದ ಚೀಟಿ,
ಕೆಳಗೆ ಅವಳ ಮಗನ ಸಹಿ, ಸಾಕ್ಷಿಗೆ.
ದಂತವೈದ್ಯರ ಬಿಲ್ಲು, ಆರು ನೂರ ಹತ್ತು.

ಪರದೆಯ ಮೇಲೆ ಕಚೇರಿಯ ಪ್ರಶ್ನೆ ಕಾಯುತ್ತಿತ್ತು:
ಮೊತ್ತ ಕಡಿಮೆಯಾದ ಕಾರಣ ವಿವರಿಸಿ.
ನಾನು ವಿವರಿಸಿದೆ. ನೋವು, ವೈದ್ಯರ ಸಲಹೆ, ಮರ್ಯಾದೆ,
ಒಂದು ಪುಟದಷ್ಟು ಅಚ್ಚುಕಟ್ಟು ದೈನ್ಯ.
ಓದಿಸಿ ಕೇಳಿದಳು. ಅಳಿಸು ಅಂದಳು.
"ಹಲ್ಲು, ಹಾಸಿಗೆ, ಸಾಲ. ಅಷ್ಟು ಬರಿ."
ಬರೆದೆ. ಕಳಿಸಿದೆ.
ಉತ್ತರ ಇನ್ನೂ ಬಂದಿಲ್ಲ.

ಚಹಾ ತಂದುಕೊಟ್ಟೆ.
ಕುಡಿಯುವ ಮೊದಲು ಕಪ್ಪನ್ನು ಮೇಲೆತ್ತಿ
ಅಡಿಯ ಮುದ್ರೆ ನೋಡಿದಳು, ಈ ಊರಿನವರೆಲ್ಲ ನೋಡುವಂತೆ.
"ನಮ್ಮದಲ್ಲ," ಅಂದಳು. "ಕಿವಿ ಸೊಟ್ಟ."
ಹೊಸ ಹಲ್ಲು ಅಂಚಿಗೆ ತಾಗಿ ಟಕ್ಕೆಂದಿತು.
ನಗು ಬಂತು ಅವಳಿಗೆ.
ಎಡಗೈ ಮೇಜಿನಿಂದ ಅರ್ಧ ಎದ್ದು,
ಸ್ವಲ್ಪ ಹೊತ್ತು ಅಲ್ಲೇ ನಿಂತು,
ಕೆಳಗಿಳಿಯಿತು.