ಗಂಟು

ಗುಳೇದಗುಡ್ಡದ ದವಾಖಾನಿ, ಬುಧವಾರ.
ಹನ್ನೊಂದ ಮಂದಿ, ಒಂದ ಬಾಂಕು.
ನನ್ನ ನಂಬರ ಏಳು.

"ಗಂಡಸರದು ಇನ್ನೂ ಸಸಾರ" ಅಂದಿದ್ದಳು ನರ್ಸಬಾಯಿ.
ಮನ್ಯಾಗ ಹೇಳಿದೆ.
"ಮಗ್ಗದ ಕುಣಿಗೆ ಇಳಿಯಾವರು ಯಾರು?" ಅಂದ.
ಎರಡು ವರ್ಷಾತು, ಇಳಿಯಾಕಿ ನಾನ.

"ಮಕ್ಕಳೆಷ್ಟವ್ವಾ, ಗುರಸಂಗವ್ವ?"
ಮೂರು, ಅಂದೆ.
ನಾಕನೇದು ಬಾಯಾಗ ಉಳೀತು;
ಅದಕ್ಕ ಹೆಸರಿಟ್ಟಿದ್ದಿಲ್ಲ.

"ಮತ್ತ ಬಿಚ್ಚಾಕ ಬರೂದಿಲ್ಲ, ತಿಳೀತಿಲ್ಲೊ?"
ತಿಳೀತ್ರಿ.
ಹರದ ಎಳಿಗೆ ಗಂಟ ಹಾಕೂದ ನನ್ನ ಕಸಬು,
ಖಣದಾಗ ಯಾರ ಕಣ್ಣಿಗೂ ಬೀಳದಂಗ.
ಇದೊಂದು
ನನ್ನ ಸಲುವಾಗಿ ಹಾಕಿಸಿಕೊಂಡದ್ದು.

ಏಳನೇ ದಿನ ಹೊಲಿಗಿ ಬಿಚ್ಚಿದರು.
"ಭಾರ ಎತ್ತಬ್ಯಾಡ" ಅಂದಳು ಅತ್ತಿ,
ಖಾಲಿ ಕೊಡ ಬಾಗಿಲದಾಗ ಇಟ್ಟು.
ನಕ್ಕೆ. ಹೊಟ್ಟಿ ಹಿಡಕೊಂಡ ನಕ್ಕೆ,
ಗಾಯ ಚುರ್ ಅಂತು.

ಆ ರಾತ್ರಿ
ಗ್ವಾಡಿ ಮ್ಯಾಲಿನ ಕ್ಯಾಲೆಂಡರಿನಾಗ
ಗೆರಿ ಎಣಸದ ಮಲಗಿದೆ.